ಬಣ್ಣದ ಡಬ್ಬಕ್ಕೆ ಅವಸರ ಬೇಡ

ಮಾಡೆಲ್ ಕಾರಿನ ಕಿಟ್ ಕೊಂಡ ರಾತ್ರಿಯೇ ಬಣ್ಣದ ಡಬ್ಬದ ಮುಚ್ಚಳ ಕೀಳುವ ಜಾತಿ ನಿನ್ನದು. ಗೊತ್ತು ನನಗೆ. ಕೈ ಚೆನ್ನಾಗಿದೆ, ಕಣ್ಣೂ ಚುರುಕು, ತಾಳ್ಮೆಯನ್ನು ಮಾತ್ರ ಅಂಗಡಿಯಲ್ಲೇ ಮರೆತು ಬಂದಿದ್ದೀಯ. ಬಂದವನೇ ಕೇಳುವುದು ಒಂದೇ: "ತಾತಾ, ‘ಬುಲಿಟ್’ ಮಸ್ಟ್ಯಾಂಗಿಗೆ ಯಾವ ನಂಬರಿನ ಬಣ್ಣ?" ನಂಬರ್ ಹೇಳಿದರೆ ಓಡಿಬಿಡುತ್ತೀಯ. ಅದಕ್ಕೇ ಹೇಳುವುದಿಲ್ಲ. ಕೂತುಕೋ.

ಸಿನಿಮಾ ಕಾರು ಷೋರೂಮಿನ ಕಾರಲ್ಲ, ಕ್ಯಾಮೆರಾ ಮುಂದೆ ದುಡಿಯಲು ಬಂದ ಗಾಡಿ. ಇದನ್ನು ಮೊದಲು ತಲೆಗೆ ಹಾಕಿಕೋ. 1968ರ ‘ಬುಲಿಟ್’ನಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ದಿಬ್ಬಗಳ ಮೇಲೆ ಹಾರಿಸಿದ ಮಸ್ಟ್ಯಾಂಗ್ ಜಿಟಿಯ ಬಣ್ಣಕ್ಕೆ ಫೋರ್ಡ್ ಕಂಪನಿ ಇಟ್ಟ ಹೆಸರು ಹೈಲ್ಯಾಂಡ್ ಗ್ರೀನ್. ಹೆಸರು ಸರಿ. ಆದರೆ ಚಿತ್ರ ಹಾಕಿಕೊಂಡು ನೋಡು. ಬಿಸಿಲಿನಲ್ಲಿ ಹಸಿರು ಎದ್ದು ಕಾಣುತ್ತದೆ, ನೆರಳಿಗೆ ತಿರುಗಿದರೆ ಕಪ್ಪೇ ಅನ್ನಿಸುತ್ತದೆ. ಗ್ರಿಲ್ ಮೇಲಿನ ಕುದುರೆ ಕಿತ್ತಿದ್ದಾರೆ, ಜಿಟಿ ಗುರುತುಗಳೂ ಇಲ್ಲ. ಪೊಲೀಸಿನವನೊಬ್ಬ ದಿನಾ ಓಡಿಸುವ ಗಾಡಿ, ಮದುವೆ ದಿಬ್ಬಣಕ್ಕೆ ತೊಳೆದು ನಿಲ್ಲಿಸಿದ್ದಲ್ಲ. ಅದರಲ್ಲೂ ಚಿತ್ರೀಕರಣಕ್ಕೆ ಇದ್ದದ್ದು ಎರಡು ಕಾರು. ಒಂದು ಹಾರಿ ಬಿದ್ದು ಪೆಟ್ಟು ತಿನ್ನಲು, ಇನ್ನೊಂದು ಮೆಕ್ವೀನ್ ಕೂತು ಹತ್ತಿರದಿಂದ ಕಾಣಿಸಿಕೊಳ್ಳಲು. ಆ ಎರಡನೆಯದು 2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮ್ಮಿಯಲ್ಲಿ ಹರಾಜಿಗೆ ಬಂತು. ತುಕ್ಕು, ತಗ್ಗು, ಸವೆದ ಬಣ್ಣ ಎಲ್ಲ ಇದ್ದ ಹಾಗೇ ಇತ್ತು. ಕೊಂಡವರು ಕೊಟ್ಟದ್ದು 37 ಲಕ್ಷ ಡಾಲರಿಗೂ ಮೇಲೆ. ನೀನೋ ಅದೇ ಕಾರಿಗೆ ಮುಖ ಕಾಣುವಷ್ಟು ಕ್ಲಿಯರ್ ಕೋಟ್ ಹೊಡೆದು, ‘ಪಕ್ಕಾ ಒರಿಜಿನಲ್’ ಅಂತ ಮೀಸೆ ತಿರುವುತ್ತೀಯ.

ನೀನು ಮಾಡುತ್ತಿರುವುದು ಯಾವುದಪ್ಪಾ? ಕಾರ್ಖಾನೆಯಿಂದ ಹೊರಬಿದ್ದದ್ದೋ, ಅಟ್ಟಿಸಿಕೊಂಡು ಹೋಗುವ ದೃಶ್ಯದ ನಡುವಿನದ್ದೋ, ಅರ್ಧ ಶತಮಾನ ಕಳೆದು ಹರಾಜಿಗೆ ನಿಂತದ್ದೋ? ಮೂರಕ್ಕೂ ಒಂದೇ ಡಬ್ಬ ನಡೆಯುವುದಿಲ್ಲ. ಆಸ್ಟ್ರೇಲಿಯದ ‘ಮ್ಯಾಡ್ ಮ್ಯಾಕ್ಸ್’ ಕಪ್ಪು ಫಾಲ್ಕನ್ನಿನ ಕಥೆಯೂ ಇದೇ. 1979ರ ಮೊದಲ ಚಿತ್ರದಲ್ಲಿ ಮಿರಮಿರ ಮಿಂಚುತ್ತದೆ, 1981ರ ಎರಡನೆಯದರಲ್ಲಿ ಮರುಭೂಮಿಯ ಧೂಳು ಮೆತ್ತಿಕೊಂಡು ಬೂದಿಬಡುಕನಾಗಿದೆ. ಯಾವ ಚಿತ್ರ, ಯಾವ ದೃಶ್ಯ ಎಂದು ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸು. ಅದಾದ ಮೇಲೆ ಅಂಗಡಿಗೆ ಹೋಗು.

ಪುಸ್ತಕದ ಬಣ್ಣವನ್ನೇ ನಂಬಿದವರನ್ನು ‘ಹರ್ಬಿ’ ಸುಲಭವಾಗಿ ಬೀಳಿಸುತ್ತದೆ. ‘ದಿ ಲವ್ ಬಗ್’ ಚಿತ್ರದ 53ನೇ ನಂಬರಿನ ಬೀಟಲ್, 1963ರ ಮಾಡೆಲ್ಲು. ಮೈ ಬಣ್ಣ ಫೋಕ್ಸ್‌ವ್ಯಾಗನ್ನಿನವರ ಪರ್ಲ್ ವೈಟ್. ಹೆಸರಿನಲ್ಲಿ ಮುತ್ತಿದೆ ಅಂತ ಮಿನುಗುವ ಬಣ್ಣ ತರಬೇಡ, ಅದು ಸಾದಾ ಬಿಳಿ, ಸ್ವಲ್ಪ ಕೆನೆಯ ಕಡೆಗೆ. ಒಳಗೆ ಬಗ್ಗಿ ನೋಡಿದರೆ ಇನ್ನೊಂದು ಗಮ್ಮತ್ತು. ಸ್ಟುಡಿಯೋ ದೀಪಗಳ ಬೆಳಕು ಪ್ರತಿಫಲಿಸದಿರಲಿ ಎಂದು ಒಳಭಾಗಕ್ಕೆ ಹೊಳಪಿಲ್ಲದ ಬೂದು ಬಣ್ಣ ಬಳಿದಿದ್ದರು. ಯಾವ ಷೋರೂಮಿನ ಬೀಟಲ್ಲಿನಲ್ಲೂ ನಿನಗೆ ಅದು ಸಿಗುವುದಿಲ್ಲ.

ಈಗ ಡಿಲೋರಿಯನ್‌ಗೆ ಬರೋಣ. ನಿನ್ನ ಮೇಜಿನ ಮೇಲೆ ಅರ್ಧಕ್ಕೆ ನಿಂತಿರುವುದು ಅದೇ ತಾನೆ? 1985ರ ‘ಬ್ಯಾಕ್ ಟು ದಿ ಫ್ಯೂಚರ್’ನ ಕಾಲಯಂತ್ರ. ಬೆಲ್‌ಫಾಸ್ಟ್ ಪಕ್ಕದ ಡನ್‌ಮರಿಯಲ್ಲಿ ತಯಾರಾದ ಈ ಕಾರಿನ ಮೈಗೆ ಕಾರ್ಖಾನೆ ಬಣ್ಣವನ್ನೇ ಹೊಡೆಯಲಿಲ್ಲ. ಹೊರಮೈ ಬರಿಯ ಸ್ಟೇನ್‌ಲೆಸ್ ಸ್ಟೀಲು, 304 ದರ್ಜೆಯದ್ದು, ಮೇಲೆ ಸಣ್ಣಗೆ ಉಜ್ಜಿದ ಗೆರೆ. ಅಡುಗೆಮನೆಗೆ ಹೋಗಿ ಸಿಂಕ್ ನೋಡು. ಒಳ್ಳೆಯ ಸಿಂಕುಗಳನ್ನು ಮಾಡುವುದೂ ಇದೇ 304ರಲ್ಲಿ. ಅದು ಬೆಳ್ಳಿಯ ಬಣ್ಣವೇ? ಕಿಟಕಿ ಕಡೆಯಿಂದ ನೀಲಿ, ಬಲ್ಬಿನ ಕೆಳಗೆ ಹಳದಿ, ನೀನು ಕೆಂಪು ಅಂಗಿ ಹಾಕಿ ಬಗ್ಗಿದರೆ ಅದಕ್ಕೂ ಒಂದು ಛಾಯೆ. ಮಿನುಗುವ ಪುಡಿ ಹಾಕಿದ ಕಾರ್ ಸಿಲ್ವರ್‌ಗೆ ಈ ಗುಣ ಬರುವುದೇ ಇಲ್ಲ. ಹೊಳೆಯುವ ಕಪ್ಪನ್ನು ಅಡಿಗೆ ಹೊಡೆದು, ಚೆನ್ನಾಗಿ ಒಣಗಿಸಿ, ಅದರ ಮೇಲೆ ಲೋಹದ ಲ್ಯಾಕರನ್ನು ಏರ್‌ಬ್ರಷ್‌ನಲ್ಲಿ ಉಸಿರು ಬಿಟ್ಟಷ್ಟು ತೆಳ್ಳಗೆ ಹೊಡೆಯಬೇಕು. ಆಮೇಲೆ ಕೈ ತುರಿಸಿದರೂ ಮೇಲೆ ದಪ್ಪ ಕ್ಲಿಯರ್ ಕೋಟ್ ಬೇಡ. ಲೋಹದ ಕಳೆ ಅಲ್ಲೇ ಸತ್ತುಹೋಗುತ್ತದೆ.

ಉಜ್ಜಿದ ಗೆರೆ ತರುತ್ತೇನೆ ಅಂತ ಉಪ್ಪುಕಾಗದ ಹಿಡಿದು ಕೂತಿದ್ದೀಯಲ್ಲ, ಅದನ್ನು ಕೆಳಗಿಡು. ಲೆಕ್ಕ ಹೇಳುತ್ತೇನೆ ಕೇಳು. ನಿನ್ನದು 1:24 ಅಳತೆಯ ಕಾರು. ಅದನ್ನು ಒಂದು ಅಡಿ ದೂರದಿಂದ ನೋಡುವುದು, ನಿಜವಾದ ಕಾರನ್ನು 24 ಅಡಿ ದೂರ ನಿಂತು ನೋಡುವುದಕ್ಕೆ ಸಮ. 24 ಅಡಿಯಿಂದ ಆ ಗೆರೆ ನಿನಗೆ ಕಾಣುತ್ತದೆಯೇ? ಹೊಳಪು ಸ್ವಲ್ಪ ಮಂಕಾಗಿ ಕಾಣುತ್ತದೆ, ಅಷ್ಟೆ. ಹಾಗಾಗಿ ಮಂಕು ಹೊಳಪು ತಂದರೆ ಸಾಕು. ಕಣ್ಣಿಗೆ ಕಾಣುವಂಥ ಗೆರೆ ಎಳೆದೆಯೋ, ನಿಜದ ಅಳತೆಯಲ್ಲಿ ಯಾರೋ ನೇಗಿಲು ಹೊಡೆದಂತೆ ಆಗುತ್ತದೆ.

ಇನ್ನೊಂದು, ಇದನ್ನು ನೂರಕ್ಕೆ ತೊಂಬತ್ತು ಜನ ನೋಡುವುದೇ ಇಲ್ಲ ಅಂತ ನನ್ನ ಗುಮಾನಿ. ಡಿಲೋರಿಯನ್ನಿನ ಮುಂದಿನ, ಹಿಂದಿನ ಬಂಪರ್ ಭಾಗ ಸ್ಟೀಲಲ್ಲ. ಬಾಗುವ ಪ್ಲಾಸ್ಟಿಕ್ಕಿನ ಮೇಲೆ ಸ್ಟೀಲಿಗೆ ಹೊಂದುವ ಬೂದು ಬಣ್ಣ. ಹೊಂದಬೇಕು ಅಂತ ಹೊಡೆದದ್ದು, ಪೂರ್ತಿ ಹೊಂದಿಲ್ಲ. ನೀನು ಬಾನೆಟ್ಟಿಗೂ ಬಂಪರಿಗೂ ಒಂದೇ ಬಣ್ಣ ಹೊಡೆದರೆ ಕಾರು ಆಟಿಕೆಯಾಗುತ್ತದೆ. ಬೂದುಬಣ್ಣವನ್ನು ಒಂದು ಚಿಟಿಕೆ ಬೇರೆಯಾಗಿಸು, ಅದೇ ಕಾರು ಲಾಸ್ ಏಂಜಲಿಸ್‌ನ ಪೀಟರ್‌ಸನ್ ಮ್ಯೂಸಿಯಮ್ಮಿನಲ್ಲಿ ಇಟ್ಟಿರುವ ಅಸಲಿ ಗಾಡಿಯ ಪಕ್ಕ ನಿಲ್ಲುವ ಧೈರ್ಯ ಮಾಡುತ್ತದೆ.

ಅಳತೆಯ ಲೆಕ್ಕ ಗೆರೆಗೆ ಮಾತ್ರ ಅಂದುಕೊಳ್ಳಬೇಡ. ನಿಜವಾದ ಕಾರಿನ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. 24ರಿಂದ ಭಾಗಿಸು, 4ರಿಂದ 6 ಮೈಕ್ರಾನ್. ಅಷ್ಟು ತೆಳ್ಳಗೆ ಹೊಡೆಯುವುದು ನಿನ್ನಿಂದಲೂ ಆಗದು, ನನ್ನಿಂದಲೂ ಆಗದು. ಬಾಗಿಲ ಸಂದು ನಿಜದಲ್ಲಿ ನಾಲ್ಕೈದು ಮಿಲಿಮೀಟರ್ ಇದ್ದರೆ, ನಿನ್ನ ಕಾರಿನಲ್ಲಿ 0.2 ಮಿಲಿಮೀಟರ್. ಎರಡು ಕೋಟ್ ಜೋರಾಗಿ ಬಿದ್ದರೆ ಸಂದು ಮುಚ್ಚಿ, ಬಾಗಿಲೇ ಇಲ್ಲದ ಕಾರು. ಮೆಟಾಲಿಕ್ ಬಣ್ಣದ ಮಿನುಗುಪುಡಿಯದ್ದೂ ಇದೇ ಗೋಳು. ಕಾರು ಕುಗ್ಗಿತು, ಪುಡಿ ಕುಗ್ಗಲಿಲ್ಲ. ಗ್ಯಾರೇಜಿನಲ್ಲಿ ಟಚಪ್ಪಿಗೆ ಇಟ್ಟ ಡಬ್ಬದಿಂದ ಹೈಲ್ಯಾಂಡ್ ಗ್ರೀನ್ ಹೊಡೆದರೆ, ಎರಡು ವರ್ಷದ ಕೂಸಿಗೆ ಅಪ್ಪನ ಅಂಗಿ ತೊಡಿಸಿದ ಹಾಗೆ ಇರುತ್ತದೆ. ಮಾಡೆಲ್ಲಿಗೆಂದೇ ಬರುವ, ಪುಡಿ ಸಣ್ಣಗಿರುವ ಬಣ್ಣ ತಾ. ಅದೂ ಸಿಗದಿದ್ದರೆ ಪುಡಿಯೇ ಇಲ್ಲದ ಹಸಿರೇ ಮೇಲು. ಕೋಡ್ ಸರಿಯಿಲ್ಲ ಅಂತ ನಿನ್ನ ಗೆಳೆಯರು ಮೂಗು ಮುರಿಯುತ್ತಾರೆ, ಮುರಿಯಲಿ ಬಿಡು. ಕಪ್ಪು ಬಣ್ಣದ ಕಾರಿಗೆ ಕಡುಗಪ್ಪನ್ನೇ ಹೊಡೆಯಬೇಡ, ಒಂದು ತೊಟ್ಟು ಬೂದು ಬೆರೆಸು. ಸಣ್ಣ ವಸ್ತುವಿನ ಮೇಲೆ ಬಣ್ಣ ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ.

ದೊಡ್ಡ ಕಂಪನಿಗಳೂ ಬಣ್ಣದ ಮುಂದೆ ತಲೆ ಕೆರೆದುಕೊಂಡಿವೆ, ಸಮಾಧಾನ ಮಾಡಿಕೋ. 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಜೇಮ್ಸ್ ಬಾಂಡ್ ಓಡಿಸಿದ ಆಸ್ಟನ್ ಮಾರ್ಟಿನ್ ಡಿಬಿ5ರ ಬಣ್ಣ ಸಿಲ್ವರ್ ಬರ್ಚ್. ತಮಾಷೆ ನೋಡು, ಸಿನಿಮಾಕ್ಕೆ ಬರುವ ಮೊದಲು ಆ ಕಾರು ಗಾಢ ಕೆಂಪಾಗಿತ್ತು. ಮರುವರ್ಷ ಬ್ರಿಟನ್ನಿನ ಕಾರ್ಗಿ ಕಂಪನಿ ಅದರ ಆಟಿಕೆ ತಂದಿತು, ಚಿನ್ನದ ಬಣ್ಣದಲ್ಲಿ! ಬೆಳ್ಳಿ ಬಣ್ಣ ಹೊಡೆದರೆ ಬಣ್ಣವನ್ನೇ ಹೊಡೆಯದ ಬರಿ ಎರಕದ ಹಾಗೆ ಕಂಡೀತು ಅಂತ ಅವರಿಗೆ ಭಯ. ಮಕ್ಕಳು ಮುಗಿಬಿದ್ದು ಕೊಂಡರು. 1968ರ ಹೊಸ ಆವೃತ್ತಿಯಲ್ಲಿ ಬೆಳ್ಳಿ ಬಂತು. ಇವತ್ತಿಗೂ ಆ ಚಿನ್ನದ ಕಾರನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ. ಆದರೆ ಇದನ್ನು ನೆಪ ಮಾಡಿಕೊಂಡು ನೀನು ಮನಸ್ಸಿಗೆ ಬಂದ ಬಣ್ಣ ಬಳಿದೀಯ, ಜೋಕೆ. ಅವರು ಯೋಚಿಸಿ ತಪ್ಪಿದರು, ನೀನು ಯೋಚಿಸದೆ ತಪ್ಪುತ್ತೀಯ.

ಟಿವಿ ಪರದೆಯಿಂದ ಬಣ್ಣ ಹಿಡಿಯಲು ಕೂತಾಗ ಒಂದೇ ಫ್ರೇಮ್ ನೋಡಿ ಎದ್ದು ಬರಬೇಡ. ಹಳೆಯ ಪ್ರಿಂಟಿನಲ್ಲಿ ಒಂದು ಹಸಿರು, ಹೊಸದಾಗಿ ಸರಿಪಡಿಸಿದ ಡಿಸ್ಕಿನಲ್ಲಿ ಇನ್ನೊಂದು. ಪಕ್ಕದಲ್ಲಿ ನಿನಗೆ ಗೊತ್ತಿರುವ ಬಣ್ಣ ಏನಿದೆ ನೋಡು: ಟಾರು ರಸ್ತೆ, ಚರ್ಮ, ಬಿಳಿ ಅಂಗಿ. ಅಂಗಿಯೇ ಹಳದಿಯಾಗಿದ್ದರೆ ಕಾರಿನ ಹಸಿರನ್ನೂ ಅಷ್ಟೇ ಅನುಮಾನಿಸು. ನಿನ್ನ ಕಾರು ಕಪಾಟಿನಲ್ಲಿ ಯಾವ ದೀಪದ ಕೆಳಗೆ ನಿಲ್ಲುತ್ತದೋ ಆ ದೀಪದ ಕೆಳಗೇ ಬಣ್ಣ ಆರಿಸು. ಟೆರೇಸಿನ ಬಿಸಿಲಿನಲ್ಲಿ ಆರಿಸಿದ್ದು ಒಳಗೆ ಬಂದರೆ ಬೇರೆಯವರ ಮನೆಯ ಕಾರಾಗಿರುತ್ತದೆ.

ಟೆರೇಸ್ ಅಂದಾಗ ನೆನಪಾಯಿತು. ಮಳೆಗಾಲದ ಸಂಜೆ ಲ್ಯಾಕರ್ ಸ್ಪ್ರೇ ಹೊಡೆಯುವ ಹುಚ್ಚು ಬಿಡು. ಥಿನ್ನರ್ ಹಾರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಬಣ್ಣದ ಮೇಲೆ ಕೂರುತ್ತದೆ, ಕರಿ ಕಾರಿನ ಮೇಲೆ ಬಿಳಿ ಮಂಜು. ಬಿಸಿಲು ಬಿದ್ದ ಒಣ ಮಧ್ಯಾಹ್ನಕ್ಕೆ ಕಾಯಿ. ಕೋಣೆಯೊಳಗೆ ಹೊಡೆಯುವುದಾದರೆ ಕಿಟಕಿ ತೆರೆ, ಮಾಸ್ಕ್ ಹಾಕು. ನಿನ್ನ ಶ್ವಾಸಕೋಶಕ್ಕೆ ಬಿಡಿಭಾಗ ಸಿಗುವುದಿಲ್ಲ. ಒಂದು ಕೋಟ್ ಹೊಡೆದ ಮೇಲೆ ಬೆರಳಿಟ್ಟು ನೋಡುವ ಚಟವನ್ನೂ ಬಿಡಬೇಕು ನೀನು. ಕಳೆದ ಕಾರಿನ ಬಾನೆಟ್ ಮೇಲೆ ನಿನ್ನ ಹೆಬ್ಬೆಟ್ಟಿದೆ, ಆಧಾರ್ ಕಾರ್ಡೇ ಬೇಡ.

ಕೊನೆಗೂ ನಂಬರ್ ಬೇಕೇ ಬೇಕು ಅಂದೆಯಾ? ಒಂದು ಕಟ್ಟು ಪ್ಲಾಸ್ಟಿಕ್ ಚಮಚ ಕೊಂಡುಕೋ. ಒಂದಕ್ಕೆ ಬೂದು ಪ್ರೈಮರ್, ಒಂದಕ್ಕೆ ಬಿಳಿ, ಒಂದಕ್ಕೆ ಕಪ್ಪು. ಮೇಲೆ ಒಂದೇ ಹಸಿರನ್ನು ಹೊಡೆದು ಮೂರು ಹಸಿರು ಬರುವುದನ್ನು ನೀನೇ ನೋಡು. ಪ್ರತಿ ಚಮಚದ ಹಿಡಿಯ ಮೇಲೆ ಏನೇನು ಹೊಡೆದೆ ಅಂತ ಬರೆ, ನಾಳೆಗೆ ಮರೆಯುತ್ತೀಯ. ಭಾನುವಾರ ಚಮಚ ತೆಗೆದುಕೊಂಡು ಬಾ, ಕಾರನ್ನು ಮನೆಯಲ್ಲೇ ಬಿಡು. ಬಿಸಿಲಿನಲ್ಲೊಮ್ಮೆ, ಟ್ಯೂಬ್‌ಲೈಟಿನ ಕೆಳಗೊಮ್ಮೆ ಹಿಡಿದು ನೋಡೋಣ, ಆಮೇಲೆ ‘ಬುಲಿಟ್’ ಹಾಕೋಣ. ಅಜ್ಜಿಗೆ ಹೇಳಿ ಚಕ್ಕುಲಿ ಮಾಡಿಸುತ್ತೇನೆ. ಬಣ್ಣ ಒಣಗದ ಕೈಯಲ್ಲಿ ಮುಟ್ಟಿದೆಯೋ, ಅವಳು ನಿನ್ನನ್ನೂ ಬಿಡುವುದಿಲ್ಲ, ನನ್ನನ್ನೂ ಬಿಡುವುದಿಲ್ಲ.