ಒಂಟಿ ಟಿಕೆಟ್ಟಿಗೆ ಮಾತ್ರ ಒಲಿಯುವ ಜಾಕ್‌ಪಾಟ್

ಸೋದರಿ, ಫ್ಲಾರಿಡಾದ ಗಲ್ಫ್‌ಸ್ಟ್ರೀಮ್ ಪಾರ್ಕ್ ರೇಸ್‌ಕೋರ್ಸಿನ ‘ರೇನ್‌ಬೋ 6’ ಕುದುರೆ ಬಾಜಿಯ ಜಾಕ್‌ಪಾಟ್ ದಿನೇ ದಿನೇ ಏರುತ್ತಿದೆ, ಇನ್ನು ತಮಗೇ ಬರಬೇಕು ಎಂದು ನಿಮ್ಮ ಯಜಮಾನರು ಹಟ ಹಿಡಿದಿರುವುದಾಗಿ ಬರೆದಿದ್ದೀರಿ. ಅದು ಏರುವುದೇಕೆಂದು ಮೊದಲು ಅವರಿಗೆ ತಿಳಿಸಿ. ಸಾಲಾಗಿ ಆರು ರೇಸುಗಳ ಗೆಲ್ಲುವ ಕುದುರೆ ಹೇಳಿದರೆ ಸಾಲದು. ಹಾಗೆ ಹೇಳಿದ ಟಿಕೆಟ್ ಇಡೀ ಆಟದಲ್ಲಿ ಒಂದೇ ಇರಬೇಕು. ಎರಡಿದ್ದರೂ ಜಾಕ್‌ಪಾಟ್ ಸಿಗದು. ಅಂಥ ದಿನ ರೇಸ್‌ಕೋರ್ಸಿನ ಪಾಲು ಮುರಿದ ಮೇಲೆ ಉಳಿದ ಹಣದಲ್ಲಿ 70% ಅತಿ ಹೆಚ್ಚು ರೇಸು ಸರಿ ಹೇಳಿದವರಿಗೆ, 30% ಮುಂದಿನ ಜಾಕ್‌ಪಾಟಿಗೆ. ಕಣ್ಣು ಕುಕ್ಕುವ ಆ ಮೊತ್ತ ನಿನ್ನೆ ಮೊನ್ನೆ ಆಡಿದವರ ದುಡ್ಡೇ.

ಅವರ ಜೊತೆ ಕೂತು ಲೆಕ್ಕ ಹಾಕಿ. ಆರು ರೇಸಿಗೆ ಒಂದೊಂದು ಕುದುರೆ ಹಿಡಿದ ಒಂದು ಜೋಡಣೆಗೆ 20 ಸೆಂಟ್. ರೇಸಿಗೆ ಮೂರು ಕುದುರೆ ಹಿಡಿದರೆ 729 ಜೋಡಣೆ, 145 ಡಾಲರ್ 80 ಸೆಂಟ್. ಪ್ರತಿ ರೇಸಿನಲ್ಲಿ ಎಂಟು ಕುದುರೆ ಓಡಿದರೆ ಸಾಧ್ಯತೆಗಳು 2,62,144! 2014ರ ಮೇ ತಿಂಗಳಲ್ಲಿ ಡ್ಯಾನ್ ಬೊರಿಸ್ಲೋ ಎಂಬವರು ಒಬ್ಬರೇ ಇದೇ ಆಟದಲ್ಲಿ 66 ಲಕ್ಷ ಡಾಲರಿಗೂ ಮಿಕ್ಕಿ ಗೆದ್ದದ್ದು ನಿಜ. ಆದರೆ ಅವರು ಸಾವಿರಾರು ಡಾಲರ್ ಸುರಿದಿದ್ದರು.

ಕೂಡಿಬಂದ ಜಾಕ್‌ಪಾಟನ್ನು ಅಂದೇ ಹಂಚಲೇಬೇಕಾದ ‘ಕಡ್ಡಾಯ ಹಂಚಿಕೆ’ಯ ದಿನ ಮಾತ್ರ ಒಂಟಿ ಟಿಕೆಟ್ಟಿನ ಷರತ್ತಿಲ್ಲ. ಆಡಲೇಬೇಕೆಂದರೆ ಅಂದು ಮಾತ್ರ, ಮನೆ ಬಾಡಿಗೆ ತೆಗೆದಿಟ್ಟು, 20 ಡಾಲರಿನೊಳಗೆ ಆಡಲಿ. ಅದಕ್ಕೂ ಒಪ್ಪದಿದ್ದರೆ ತಡಮಾಡದೆ ಆಪ್ತಸಮಾಲೋಚಕರ ಬಳಿ ಇಬ್ಬರೂ ಹೋಗಿ.