ಚಾನೆಲ್ ಬದಲಿಸಬೇಡಿ

ಧಾರಾವಾಹಿಯಲ್ಲಿ ಹುಡುಗಿಗೆ ತಲೆಸುತ್ತು ಬಂತು. ಡಾಕ್ಟರು ನಾಡಿ ಹಿಡಿದು 'ಸಿಹಿಸುದ್ದಿ' ಅನ್ನುವಷ್ಟರಲ್ಲಿ ಕುಣಿಗಲ್‌ನ ನಮ್ಮಕ್ಕ ಚಾನೆಲ್ ಬದಲಿಸಿ, ಮತ್ತೆ ಅವರೆಕಾಯಿ ಬಿಡಿಸತೊಡಗಿದಳು. ಹತ್ತನೇ ಕ್ಲಾಸಿನ ಮಗಳು ನನ್ನ ಕಿವಿಯಲ್ಲಿ ಕೇಳಿದಳು: "ಚಿಕ್ಕಮ್ಮ, ನಾಡಿ ನೋಡಿದ್ರೆ ಗೊತ್ತಾಗುತ್ತಾ?"

ಇಲ್ಲ ಕಣೇ, ಮೂತ್ರ ಪರೀಕ್ಷೆ ಮಾಡಿಸಬೇಕು.

ಇಂಥ ಪ್ರಶ್ನೆ ಬಂದಾಗ ಗದರಬೇಡಿ. ಪೀಠಿಕೆಯನ್ನು ಟೀವಿಯೇ ಹಾಕಿಕೊಟ್ಟಿದೆ. ಮುಂದಿನ ಮಾತು ನೀವು ಹೇಳಿ. ಒಂದೇ ಸಲ ಕೂಡಿದರೂ ಗರ್ಭ ನಿಲ್ಲಬಹುದು. ಕಾಂಡೋಮ್ ಬಳಸಿದರೆ ಗರ್ಭದ ಜೊತೆಗೆ ಸೋಂಕಿನ ಅಪಾಯವೂ ತಗ್ಗುತ್ತದೆ. ತುರ್ತು ಗರ್ಭನಿರೋಧಕ ಮಾತ್ರೆಯನ್ನು ಕೂಡಿದ 72 ಗಂಟೆಯೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಒಳ್ಳೆಯದು, ಅದು ದಿನಬಳಕೆಗಲ್ಲ. 18 ತುಂಬದವರು ಲೈಂಗಿಕ ಸಂಬಂಧಕ್ಕೆ ಒಪ್ಪಿದ್ದರೂ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯಲ್ಲಿ ಆ ಒಪ್ಪಿಗೆಗೆ ಬೆಲೆಯಿಲ್ಲ. ಇದನ್ನು ಹೇಳುವಾಗ ಮಗನನ್ನು ಮೊಸರು ತರಲು ಅಂಗಡಿಗೆ ಅಟ್ಟಬೇಡಿ, ಅವನೂ ಕೂತು ಕೇಳಲಿ.

ನಿಮಗೆ ನಾಲಿಗೆ ಏಳದಿದ್ದರೆ, ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮನೆಯಲ್ಲಿ ಹೇಳಿಕೊಳ್ಳಲಾಗದ ಮಕ್ಕಳಿಗೆ 1098 ಸಹಾಯವಾಣಿ. ಮುಟ್ಟು ತಪ್ಪಿದೆ ಎಂದು ಮಗಳು ಬಾಯಿಬಿಟ್ಟರೆ, ಬೈಗುಳ ಆಮೇಲಿರಲಿ. ಮೊದಲು ಡಾಕ್ಟರ ಹತ್ತಿರ ಹೋಗಿ.

ಮರುವಾರ ತುಮಕೂರಿನ ನಮ್ಮ ಮನೆಗೆ ಫೋನ್ ಬಂತು. ಅಕ್ಕ ದನಿ ತಗ್ಗಿಸಿ, "ಅವಳಿಗೇನೋ ಹೇಳಿದೆಯಲ್ಲ, ನನಗೂ ಸ್ವಲ್ಪ ಹೇಳೇ" ಅಂದಳು.