ಸಮುದ್ರದ ವಾಯುಭಾರ ಕುಸಿತವೂ ಒಳನಾಡಿನ ಫಸಲೂ

ಸಮುದ್ರದ ಮೇಲಣ ಹವೆಯ ಸಮಾಚಾರವು ಹಡಗು ನಡೆಸುವವರಿಗೂ ಮೀನು ಹಿಡಿಯುವವರಿಗೂ ಮಾತ್ರ ಬೇಕಾದುದೆಂದು ಒಳನಾಡಿನ ಜಮೀನುದಾರರಲ್ಲಿ ಅನೇಕರು ಭಾವಿಸಿರುವರು. ಈ ಭಾವನೆಯು ಸರಿಯಾದುದಲ್ಲ. 2021ನೆಯ ನವೆಂಬರ್ ತಿಂಗಳಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಉಂಟಾದ ಒಂದು ವಾಯುಭಾರ ಕುಸಿತವು 19ನೆಯ ತಾರೀಖಿನ ಬೆಳಗಿನ ಜಾವ ಪುದುಚೇರಿಗೂ ಚೆನ್ನೈಗೂ ನಡುವೆ ಕರಾವಳಿಯನ್ನು ದಾಟಿತು. ಅದು ಚಂಡಮಾರುತವಾಗಿ ಬೆಳೆಯಲಿಲ್ಲ. ಆದುದರಿಂದ ಅದಕ್ಕೆ ಹೆಸರನ್ನೂ ಇಡಲಿಲ್ಲ. ಹಾಗಿದ್ದರೂ ಆ ತಿಂಗಳಿನ ಮಳೆಗಳಿಂದ ಕರ್ನಾಟಕದ ದಕ್ಷಿಣ ಒಳನಾಡಿನಲ್ಲಿ ಕೊಯ್ಲಿಗೆ ಬಂದಿದ್ದ ರಾಗಿಯು ನೆಲಕ್ಕೊರಗಿ, ತೆನೆಯಲ್ಲಿಯೇ ಮೊಳೆತು, ರೈತರಿಗೆ ಬಹಳ ನಷ್ಟವುಂಟಾಯಿತು. ಚಂಡಮಾರುತದ ದರ್ಜೆಯು ಗಾಳಿಯ ಅಳತೆಯೇ ಹೊರತು ಮಳೆಯ ಅಳತೆಯಲ್ಲವೆಂಬುದನ್ನು ಗ್ರಾಮದ ಮುಖ್ಯಸ್ಥರು ಮೊದಲು ಮನಗಾಣಬೇಕು.

ಕುಸಿತವು ಉಂಟಾಗುವ ಬಗೆ

ಸಮುದ್ರದ ಮೇಲ್ಭಾಗದ ನೀರು ಸುಮಾರು 26.5 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಬೆಚ್ಚಗಿರುವಲ್ಲಿ ಆವಿಯು ವಿಶೇಷವಾಗಿ ಮೇಲೇರುವುದು. ಈ ಆವಿಯು ಮೋಡವಾಗುವಾಗ ಅದರೊಳಗೆ ಅಡಗಿದ್ದ ಶಾಖವು ಹೊರಬಂದು ಸುತ್ತಲಿನ ಗಾಳಿಯನ್ನು ಹಗುರಮಾಡುವುದು. ಆಗ ಆ ಸ್ಥಳದ ವಾಯುಭಾರವು ಕುಗ್ಗಿ, ನಾಲ್ಕೂ ಕಡೆಗಳಿಂದ ಗಾಳಿಯು ಅಲ್ಲಿಗೆ ನುಗ್ಗುವುದು. ಭೂಮಿಯು ತಿರುಗುತ್ತಿರುವ ಕಾರಣ ಈ ಗಾಳಿಯು ನೇರವಾಗಿ ಬಾರದೆ, ಉತ್ತರಾರ್ಧ ಗೋಳದಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದು. ನಮ್ಮ ಎರಡು ಕಡಲುಗಳಲ್ಲಿಯೂ ಚಂಡಮಾರುತಗಳು ಹೆಚ್ಚಾಗಿ ಏಪ್ರಿಲಿನಿಂದ ಜೂನಿನವರೆಗೂ, ಪುನಃ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹುಟ್ಟುವುವು. ಮುಂಗಾರು ಬಲವಾಗಿರುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೆಳಗಣ ಗಾಳಿಯೂ ಮೇಲಣ ಗಾಳಿಯೂ ಬೇರೆ ಬೇರೆ ದಿಕ್ಕಿಗೆ ವೇಗವಾಗಿ ಬೀಸುವುದರಿಂದ, ಕುಸಿತವು ಚಂಡಮಾರುತವಾಗಿ ಬೆಳೆಯುವುದು ಅಪೂರ್ವ.

ನೆಲವನ್ನು ಸೇರಿದೊಡನೆ ಆವಿಯ ಪೂರೈಕೆಯು ತಪ್ಪಿ ಗಾಳಿಯ ವೇಗವು ತಗ್ಗುವುದು. ಆದರೆ ಅದರೊಡನೆ ಬಂದ ಮೋಡವು ಒಳನಾಡಿನ ಮೇಲೆ ಹರಡಿ, ಒಂದೆರಡು ದಿನಗಳವರೆಗೂ ಮಳೆಗರೆಯಬಹುದು. “ಚಂಡಮಾರುತವು ದುರ್ಬಲವಾಯಿತು” ಎಂಬ ಸುದ್ದಿಯನ್ನು ಕೇಳಿ ಒಕ್ಕಣೆಗೆ ತೊಡಗಿದವರು ಮೋಸಹೋಗುವುದು ಈ ಕಾರಣದಿಂದಲೇ.

ಮುನ್ಸೂಚನೆಯ ಮಾತುಗಳ ಅರ್ಥ

ಗಾಳಿಯ ವೇಗವು ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ವಾಯುಭಾರ ಕುಸಿತವೆಂದೂ, 50ರಿಂದ 61 ಇದ್ದರೆ ತೀವ್ರ ಕುಸಿತವೆಂದೂ, 62ರಿಂದ 88 ಇದ್ದರೆ ಚಂಡಮಾರುತವೆಂದೂ ಭಾರತ ಹವಾಮಾನ ಇಲಾಖೆಯವರು ಕರೆಯುವರು. ಇದಕ್ಕೆ ಮೇಲ್ಪಟ್ಟ ದರ್ಜೆಗಳೂ ಉಂಟು. 222 ಕಿಲೋಮೀಟರಿಗೆ ಕಡಿಮೆಯಿಲ್ಲದುದು ಮಹಾ ಚಂಡಮಾರುತವು. ಹೆಸರಿಡುವುದು ಚಂಡಮಾರುತದ ದರ್ಜೆಯನ್ನು ಮುಟ್ಟಿದ ಮೇಲೆ ಮಾತ್ರ.

ಬೇಸಾಯಗಾರನು ಇದಕ್ಕಿಂತಲೂ ಲಕ್ಷ್ಯವಿಟ್ಟು ಓದತಕ್ಕದ್ದು ಮಳೆಯ ಮಾತುಗಳನ್ನು. ಒಂದು ದಿನದಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರೀ ಮಳೆ, 204.4ರವರೆಗೆ ಅತಿ ಭಾರೀ ಮಳೆ. ಅದಕ್ಕೂ ಮಿಕ್ಕಿದುದು ಅತ್ಯಂತ ಭಾರೀ ಮಳೆ. ಭಾರೀ ಮಳೆಯ ಕನಿಷ್ಠ ಪ್ರಮಾಣವೆಂದರೂ ಒಂದು ಎಕರೆಯ ಮೇಲೆ ಎರಡು ಲಕ್ಷ ಅರುವತ್ತು ಸಾವಿರ ಲೀಟರಿನಷ್ಟು ನೀರು ಬಿದ್ದಂತಾಯಿತು. “ಒಂದೆರಡು ಕಡೆ” ಎಂದರೆ ಆ ಪ್ರದೇಶದ ಮಳೆ ಅಳೆಯುವ ಠಾಣೆಗಳಲ್ಲಿ ನಾಲ್ಕನೆಯ ಒಂದು ಪಾಲಿಗೆ ಮೀರದಷ್ಟು ಕಡೆಗಳಲ್ಲಿ ಎಂದರ್ಥ; “ಬಹುತೇಕ ಕಡೆ” ಎಂದರೆ ಮುಕ್ಕಾಲು ಪಾಲಿಗೂ ಹೆಚ್ಚು ಕಡೆಗಳಲ್ಲಿ. ಮೊದಲನೆಯ ಬಗೆಯ ಸೂಚನೆಯಿದ್ದು ತನ್ನ ಊರಿನಲ್ಲಿ ಮಳೆಯಾಗದಿದ್ದರೆ ಸೂಚನೆಯೇ ಸುಳ್ಳೆಂದು ಹೇಳುವುದು ನ್ಯಾಯವಲ್ಲ.

ಬಣ್ಣಗಳ ಪೈಕಿ ಹಳದಿಯು ಗಮನವಿಟ್ಟಿರಿ ಎಂದೂ, ಕಿತ್ತಳೆಯು ಸಿದ್ಧರಾಗಿರಿ ಎಂದೂ, ಕೆಂಪು ಕಾರ್ಯಕ್ಕೆ ತೊಡಗಿರಿ ಎಂದೂ ತಿಳಿಸುವುವು. ದಿನಗಳು ದೂರವಿದ್ದಷ್ಟೂ ಕುಸಿತವು ಸಾಗುವ ದಾರಿಯನ್ನು ನಿಷ್ಕರ್ಷಿಸುವುದು ಕಷ್ಟ. ಆದಕಾರಣ ನಿನ್ನೆಯ ಸೂಚನೆಯನ್ನೇ ನಂಬಿ ಕೂರದೆ ಪ್ರತಿದಿನವೂ ಹೊಸದನ್ನು ನೋಡತಕ್ಕದ್ದು.

ಸೂಚನೆಯನ್ನು ಪಾಲಿಸಿದುದರ ಫಲ

1999ನೆಯ ಅಕ್ಟೋಬರ್ 29ರಂದು ಒಡಿಶಾವನ್ನು ಹೊಡೆದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರು ಮಡಿದರು. 2013ನೆಯ ಅಕ್ಟೋಬರ್ 12ರಂದು ಅದೇ ರಾಜ್ಯದ ಗೋಪಾಲಪುರದ ಬಳಿ ಫೈಲಿನ್ ಎಂಬ ಪ್ರಬಲವಾದ ಚಂಡಮಾರುತವು ನೆಲವನ್ನು ಸೇರಿತು. ಈ ಸಾರಿ ಮುಂಚಿತವಾಗಿಯೇ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದ್ದುದರಿಂದ, ಸತ್ತವರ ಸಂಖ್ಯೆಯು ನೂರನ್ನೂ ಮುಟ್ಟಲಿಲ್ಲ. ಸೂಚನೆಯು ಹಳ್ಳಿಯವರೆಗೂ ತಲುಪಿ, ಅಲ್ಲಿನ ಮುಖ್ಯಸ್ಥರು ಅದನ್ನು ನಡೆಸಿದುದರಿಂದ ಇಷ್ಟು ಜೀವಗಳು ಉಳಿದುವು.

ಮಾಡತಕ್ಕ ಕಾರ್ಯಗಳು

1. ಮಳೆಗೆ ಎರಡು ಮೂರು ದಿನಗಳ ಅವಕಾಶವಿದ್ದು ರಾಗಿಯು ಪೂರ್ಣ ಬಲಿತಿದ್ದರೆ, ಕೊಯ್ದು ಒಣಗಿಸಿ, ಎತ್ತರವಾದ ಜಾಗದಲ್ಲಿ ತೆನೆಗಳು ಒಳಮುಖವಾಗಿರುವಂತೆ ಮೆದೆ ಹಾಕಿ ಮುಚ್ಚಬೇಕು. ಅವಕಾಶವಿಲ್ಲದಿದ್ದರೆ ಕೊಯ್ಯಲೇಕೂಡದು. ಕೊಯ್ದು ನೆಲದ ಮೇಲೆ ಹರಡಿದ ಪೈರು ನಿಂತ ಪೈರಿಗಿಂತ ಬೇಗ ಕೆಡುವುದು.

2. ಕಡಲೆಕಾಯಿಯನ್ನು ಕೀಳುವುದು, ಮೇಲುಗೊಬ್ಬರ ಕೊಡುವುದು, ಔಷಧಿ ಸಿಂಪಡಿಸುವುದು, ನೀರು ಹಾಯಿಸುವುದು, ಇವುಗಳನ್ನು ಮುಂದಕ್ಕೆ ಹಾಕತಕ್ಕದ್ದು. ಹೊಲದಿಂದ ನೀರು ಹೊರಗೆ ಹರಿಯಲು ಕಾಲುವೆಗಳನ್ನು ಬಿಡಿಸಬೇಕು.

3. ಅಂಗಳದಲ್ಲಿ ಒಣಗುತ್ತಿರುವ ಅಡಿಕೆ, ಕಾಫಿ, ಕೊಬ್ಬರಿಗಳನ್ನು ಒಳಗೆ ಸೇರಿಸತಕ್ಕದ್ದು. ಗೊನೆ ಬಿಟ್ಟ ಬಾಳೆಗೆ ಊರೆಗೋಲು ಕೊಡಬೇಕು.

4. ಕೆರೆಯ ಕೋಡಿಯಲ್ಲಿ ಗಿಡಗಂಟಿಗಳು ಬೆಳೆದಿದ್ದರೆ ತೆಗೆಯಿಸಿ, ಏರಿಯನ್ನೂ ತೂಬನ್ನೂ ಪರೀಕ್ಷಿಸತಕ್ಕದ್ದು. ಗುಡುಗು ಸಿಡಿಲಿನ ವೇಳೆಯಲ್ಲಿ ದನಕರುಗಳನ್ನು ಮರದ ಕೆಳಗೆ ಕಟ್ಟಕೂಡದು.

5. ಫಸಲ್ ಬಿಮಾ ಯೋಜನೆಗೆ ಸೇರಿದ ರೈತರಿಗೆ, ಕೊಯ್ದು ಹೊಲದಲ್ಲಿಯೇ ಒಣಗಲು ಹರಡಿದ ಪೈರು ಹದಿನಾಲ್ಕು ದಿನಗಳೊಳಗಾಗಿ ಚಂಡಮಾರುತ ಅಥವಾ ಅಕಾಲ ಮಳೆಯಿಂದ ಕೆಟ್ಟರೂ ಪರಿಹಾರ ಉಂಟು. ಆದರೆ 72 ಗಂಟೆಗಳೊಳಗೆ ತಿಳಿವಳಿಕೆ ಕೊಡಬೇಕು.

ಒಳನಾಡಿನ ಗ್ರಾಮಗಳಲ್ಲಿ ಅಕ್ಟೋಬರ್ ಮೊದಲ್ಗೊಂಡು ಕಣದ ಕೆಲಸ ಮುಗಿಯುವವರೆಗೂ, ಮುಖ್ಯಸ್ಥರೊಬ್ಬರು ಪ್ರತಿದಿನವೂ ಸೂಚನೆಯನ್ನು ನೋಡಿ, ಮಳೆಯ ದಿನವನ್ನೂ ಪ್ರಮಾಣವನ್ನೂ ಚಾವಡಿಯ ಹಲಗೆಯ ಮೇಲೆ ಬರೆಯಿಸುವ ಪದ್ಧತಿಯನ್ನು ಇಟ್ಟುಕೊಳ್ಳಬೇಕು. ಓದು ಬಾರದವರಿಗೂ, ದೂರದ ಹೊಲಗಳಲ್ಲಿ ಮಂದೆ ಹಾಕಿರುವ ಕುರುಬರಿಗೂ ಬಾಯಿಮಾತಿನಿಂದ ತಿಳಿಸತಕ್ಕದ್ದು. ಸಮುದ್ರವು ನಮಗೆ ಎಷ್ಟೋ ಹರದಾರಿ ದೂರದಲ್ಲಿದ್ದರೂ ಅಲ್ಲಿ ಹುಟ್ಟಿದ ಮೋಡವು ಎರಡು ಮೂರು ದಿನಗಳಲ್ಲಿ ನಮ್ಮ ಕಣವನ್ನು ಮುಟ್ಟಬಲ್ಲುದು. ಆ ಎರಡು ಮೂರು ದಿನಗಳನ್ನು ವ್ಯರ್ಥಗೊಳಿಸದೆ ಉಪಯೋಗಿಸಿಕೊಂಡ ಗ್ರಾಮದಲ್ಲಿ ವರ್ಷದ ದುಡಿಮೆಯು ಮನೆ ಸೇರುವುದು.